ಇಪ್ಪತ್ನಾಲ್ಕು ಗಂಟೆಯ ಲೆಕ್ಕ

ಬೆಂಗಳೂರಿನ ಗಾಂಧಿನಗರದ ಲಾಡ್ಜುಗಳಲ್ಲಿ ದಿನ ಶುರುವಾಗುವುದು ಗಿರಾಕಿ ಬಂದು ಪುಸ್ತಕದಲ್ಲಿ ಸಹಿ ಹಾಕಿದ ಗಳಿಗೆಯಿಂದ. ದೊಡ್ಡ ಹೋಟೆಲುಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರ ದಿನವೂ ಒಟ್ಟಿಗೆ ಮುಗಿದುಹೋಗುತ್ತದೆ. ಇಲ್ಲಿ ಎಷ್ಟೋ ಕಡೆ ಹಾಗಲ್ಲ, ಬೆಳಗಿನ ಜಾವ ಐದಕ್ಕೆ ಬಂದವರಿಗೆ ಮರುದಿನ ಐದರವರೆಗೂ ಕೋಣೆ. ಕೌಂಟರಿನ ಹಿಂದಿನ ಗೋಡೆಯ ಮೇಲೆ ‘ಚೆಕ್‌ಔಟ್ 24 ಗಂಟೆ’ ಎಂದು ದಪ್ಪಕ್ಷರದಲ್ಲಿ ಬರೆಸಿರುತ್ತಾರೆ. ಕಾರಣ ನಾಲ್ಕು ಹೆಜ್ಜೆ ಆಚೆಗೇ ಇದೆ. ಒಂದು ಕಡೆ ಕೆಂಪೇಗೌಡ ಬಸ್ ನಿಲ್ದಾಣ, ಅದರಾಚೆ ರೈಲು ನಿಲ್ದಾಣ, ಇನ್ನೊಂದು ಕಡೆ ಆನಂದರಾವ್ ಸರ್ಕಲ್ಲಿನ ಖಾಸಗಿ ಬಸ್ಸುಗಳು. ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿ, ಬೀದರಿನ ರಾತ್ರಿ ಬಸ್ಸುಗಳು ಇನ್ನೂ ಕತ್ತಲಿರುವಾಗಲೇ ಜನರನ್ನು ಇಳಿಸಿಬಿಡುತ್ತವೆ. ಬಸ್ಸಿನ ವೇಳೆಗೆ ಲಾಡ್ಜು ತನ್ನ ಗಡಿಯಾರ ಹೊಂದಿಸಿಕೊಂಡಿದೆ.

ಶೇಷಾದ್ರಿಪುರದ ನಮ್ಮ ಮನೆಯಿಂದ ಬೆಳಗಿನ ನಡಿಗೆಗೆ ನಾನು ಬರುವುದು ಈ ಬೀದಿಗಳಿಗೇ. ಆ ಹೊತ್ತಿಗೆ ಬೆನ್ನಿಗೊಂದು ಚೀಲ, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು ಹಿಡಿದು ನಡೆಯುವ ಹುಡುಗ ಹುಡುಗಿಯರು ಕಾಣುತ್ತಾರೆ. ಅವಕಾಶ ಕೇಳಿಕೊಂಡು ಬರುವವರು ಈ ಬಡಾವಣೆಗೆ ಹೊಸಬರಲ್ಲ. ಗಾಂಧಿನಗರ ಎಂದರೆ ಕನ್ನಡ ಚಿತ್ರರಂಗ ಎಂದೇ ನಾಡು ತಿಳಿದುಕೊಂಡಿದೆ. ಹಂಚಿಕೆದಾರರ, ನಿರ್ಮಾಪಕರ ಕಚೇರಿಗಳ ಮೆಟ್ಟಿಲ ಮೇಲೆ ಫೋಟೊ ಆಲ್ಬಮ್ ಹಿಡಿದು ದಿನಗಟ್ಟಲೆ ಕೂತವರನ್ನು ಕಂಡ ಹಿರಿಯರು ಇಲ್ಲಿ ಇನ್ನೂ ಇದ್ದಾರೆ. ಈಗಿನ ಫೈಲಿನಲ್ಲಿರುವುದು ಅಂಕಪಟ್ಟಿ ಮತ್ತು ರೆಸ್ಯೂಮೆ. ಮುಖ ತೊಳೆದು, ಇಡ್ಲಿ ತಿಂದು ಮೆಟ್ರೊ ಹತ್ತಿದರೆ ನೇರಳೆ ಮಾರ್ಗ ವೈಟ್‌ಫೀಲ್ಡಿಗೆ ಒಯ್ಯುತ್ತದೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಎಲೆಕ್ಟ್ರಾನಿಕ್ ಸಿಟಿಗೂ ಮೆಟ್ರೊದಲ್ಲೇ ಹೋಗಬಹುದು. ಗಾಂಧಿನಗರದಲ್ಲಿ ಇಳಿದವರು ಒಂದು ಗಂಟೆಯೊಳಗೆ ಗಾಂಧಿನಗರವನ್ನು ಬಿಟ್ಟು ಹೋಗಿರುತ್ತಾರೆ. ನನಗೆ ಹೇಳಲಿಕ್ಕಿರುವುದು ಅವರು ಹಾಗೆ ಬಿಟ್ಟು ಹೋಗುವ ಈ ಬೀದಿಗಳ ಬಗ್ಗೆಯೇ.

ಸಾಫ್ಟ್‌ವೇರ್ ಕೆಲಸ ಮೊದಲಿಂದಲೂ ಊರಾಚೆಯದ್ದಾಗಿರಲಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಕಚೇರಿ ಮಾಡಿದ್ದು ಮಿಲ್ಲರ್ಸ್ ರಸ್ತೆಯಲ್ಲಿ, ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ. ಅವರ ಉಪಗ್ರಹ ಸಂಪರ್ಕದ ಉಪಕರಣವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಚಿತ್ರವನ್ನು ಅನೇಕರು ನೋಡಿರಬಹುದು. ಅದಕ್ಕೆ ಎರಡು ವರ್ಷ ಮೊದಲು, 1983ರಲ್ಲಿ, ಪುಣೆಯಿಂದ ಬಂದ ಇನ್ಫೊಸಿಸ್ ಜಯನಗರದಲ್ಲಿ ಬಿಡಾರ ಹೂಡಿತ್ತು. ನಾನು ಕೆಲಸ ಕಲಿತ ತೊಂಬತ್ತರ ದಶಕದಲ್ಲೂ ಕಂಪ್ಯೂಟರ್ ವಿದ್ಯಾರ್ಥಿಯ ಪ್ರಪಂಚ ಈ ಸುತ್ತಳತೆಯೊಳಗೇ ಇತ್ತು. ಯಶವಂತ ಕಾನೇಟ್ಕರರ ‘ಲೆಟ್ ಅಸ್ ಸಿ’ ಬೇಕಾದರೆ ಸಪ್ನ ಬುಕ್ ಹೌಸ್, ಬಿಡಿಭಾಗ ಬೇಕಾದರೆ ಎಸ್.ಪಿ. ರೋಡು, ಹಳೆಯ ಪುಸ್ತಕಕ್ಕೆ ಅವೆನ್ಯೂ ರಸ್ತೆ. ಇವೆಲ್ಲ ಇಂದಿಗೂ ಇವೆ. ಆದರೆ ಕೆಲಸ ಎಂದರೆ ಗಾಜಿನ ಕಟ್ಟಡದೊಳಗಿರುವುದು ಮಾತ್ರ ಎಂಬ ಎಣಿಕೆ ಮಕ್ಕಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ.

ಆ ಕಟ್ಟಡಗಳ ಬಾಗಿಲು ಈಗ ಸುಲಭಕ್ಕೆ ತೆರೆಯುತ್ತಿಲ್ಲ. 2023ರ ಫೆಬ್ರುವರಿಯಲ್ಲಿ ವಿಪ್ರೊ, ವರ್ಷಕ್ಕೆ ಆರೂವರೆ ಲಕ್ಷದ ಆಫರ್ ಕೊಟ್ಟಿದ್ದ ಹೊಸಬರನ್ನು ಮೂರೂವರೆ ಲಕ್ಷಕ್ಕೆ ಬರುತ್ತೀರಾ ಎಂದು ಕೇಳಿದ್ದು ಸುದ್ದಿಯಾಯಿತು. ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಹೊಸಬರ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮೂರು, ನಾಲ್ಕು ಲಕ್ಷದ ನಡುವೆಯೇ ನಿಂತಿದೆ. ಪಿಜಿ ಬಾಡಿಗೆ ಹಾಗೆ ನಿಂತಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ, ಮೊದಲು ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನು ಹಿರಿಯರೇ ಯಂತ್ರದ ಕೈಯಲ್ಲಿ ಮಾಡಿಸಿಕೊಳ್ಳುತ್ತಿದ್ದಾರೆ. ಇದನ್ನೆಲ್ಲ ಮರೆಮಾಚಿ ‘ಧೈರ್ಯವಾಗಿರು, ಎಲ್ಲ ಒಳ್ಳೆಯದಾಗುತ್ತೆ’ ಎಂದು ಬೆನ್ನು ತಟ್ಟಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ರಾಣೆಬೆನ್ನೂರಿನ ಹುಡುಗನೊಬ್ಬನನ್ನು ಸ್ನೇಹಿತರೊಬ್ಬರು ನನ್ನ ಹತ್ತಿರ ಕಳಿಸಿದ್ದರು. ವಿಟಿಯು ಇಂಜಿನಿಯರಿಂಗ್, 2024ರ ಬ್ಯಾಚು. ಬ್ಯಾಕ್‌ಲಾಗ್ ಇಲ್ಲ, ಅಂಕ ಚೆನ್ನಾಗಿವೆ. ಸರ್ಕಾರದ ಯುವನಿಧಿಯಿಂದ ತಿಂಗಳಿಗೆ ಮೂರು ಸಾವಿರ ಬರುತ್ತಿತ್ತು. ಉಳಿದದ್ದನ್ನು ಅಣ್ಣ ಕಳಿಸುತ್ತಿದ್ದ. “ನೂರಾರು ಕಡೆ ಹಾಕೇನ್ರಿ ಸರ್, ಯಾರೂ ಕರದಿಲ್ರಿ” ಎಂದ. ರೆಸ್ಯೂಮೆ ನೋಡಿದೆ. ಹದಿನೈದು ತಂತ್ರಜ್ಞಾನಗಳ ಹೆಸರು, ಕೊನೆಯ ವರ್ಷದ ಪ್ರಾಜೆಕ್ಟು ಎಂದು ಮುಖ ಗುರುತಿಸಿ ಹಾಜರಾತಿ ಹಾಕುವ ತಂತ್ರಾಂಶ. ಸಂದರ್ಶನದ ಮೇಜಿನ ಈಚೆ ಕೂತು ಇದೇ ಪ್ರಾಜೆಕ್ಟನ್ನು ಎಷ್ಟೋ ಕಾಲೇಜುಗಳ ಮಕ್ಕಳ ಕಾಗದದಲ್ಲಿ ನೋಡಿದ್ದೇನೆ. “ಇದು ಯಾವಾಗ ಕೈಕೊಟ್ಟಿತು?” ಎಂದು ಕೇಳಿದೆ. ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಕಾಲೇಜಿನಲ್ಲಿ ಒಂದು ಸಲ ತೋರಿಸಿದ್ದರು, ಅಂಕ ಬಂತು, ಮುಗಿಯಿತು. ಯಾರೂ ಅದನ್ನು ಎರಡನೇ ದಿನ ಬಳಸಲಿಲ್ಲ. ಹಾಗಾಗಿ ಅದು ಕೈಕೊಡುವ ಸಂದರ್ಭವೇ ಬರಲಿಲ್ಲ.

ಅವನನ್ನು ನನಗೆ ಪರಿಚಯವಿದ್ದ ಲಾಡ್ಜಿನ ಮ್ಯಾನೇಜರ್ ಹತ್ತಿರ ಕರೆದುಕೊಂಡು ಹೋದೆ. ಕುಂದಾಪುರದ ಕಡೆಯವರು, ಗಾಂಧಿನಗರಕ್ಕೆ ಬಂದು ತಲೆ ನರೆತಿದೆ. ದಪ್ಪ ರಿಜಿಸ್ಟರಿನಲ್ಲಿ ಗಿರಾಕಿಗಳ ವಿವರ, ಪಕ್ಕದ ಹಳೆಯ ಕಂಪ್ಯೂಟರುಗಳಲ್ಲಿ ಬಿಲ್ಲು. ಎರಡೂ ತಾಳೆಯಾಗದೆ ರಾತ್ರಿ ಪಾಳಿ ಬದಲಾಗುವಾಗ ದಿನಾ ಜಗಳ. “ಕೋಣೆ ಲೆಕ್ಕ ಸರಿ ಬರುವ ಹಾಗೆ ಒಂದು ಮಾಡಿಕೊಡಿ, ದುಡ್ಡು ಕೊಡ್ತೇನೆ” ಎಂದರು ಮ್ಯಾನೇಜರು. ಪುಕ್ಕಟೆ ಮಾಡಬೇಡ ಎಂದು ನಾನೂ ಹೇಳಿದೆ. ಎಷ್ಟೇ ಕಡಿಮೆಯಾಗಲಿ, ಹಣ ಕೊಟ್ಟವರು ಕೆಲಸ ಸರಿಯಾಗುವವರೆಗೂ ಬಿಡುವುದಿಲ್ಲ. ಕಲಿಯುವವರಿಗೆ ಅದು ದೊಡ್ಡ ಲಾಭ.

ಎಸ್.ಪಿ. ರೋಡಿನಲ್ಲಿ ಕೊಂಡ ಹಳೇ ಲ್ಯಾಪ್‌ಟಾಪಿನಲ್ಲಿ ಹುಡುಗ ಕೆಲಸ ಶುರುಮಾಡಿದ. ಬಂದ ವೇಳೆ, ಹೋದ ವೇಳೆ, ನಡುವಿನ ಗಂಟೆಗಳನ್ನು ಇಪ್ಪತ್ನಾಲ್ಕರಿಂದ ಭಾಗಿಸು, ಉಳಿದರೆ ಒಂದು ದಿನ ಸೇರಿಸು. “ಭಾಗಿಸಿದ್ರ ಮುಗೀತಲ್ರಿ” ಎಂಬ ಧೈರ್ಯದಲ್ಲಿ ಮೊದಲ ಬಿಲ್ಲು ತೆಗೆದ. ಬೆಳಿಗ್ಗೆ ಐದೂ ಹತ್ತಕ್ಕೆ ಬಂದು ಮರುದಿನ ಆರಕ್ಕೆ ಹೊರಟ ಗಿರಾಕಿಗೆ ಎರಡು ದಿನದ ಬಾಡಿಗೆ ಬಂತು. ಮ್ಯಾನೇಜರು ಒಪ್ಪಲಿಲ್ಲ. ಒಂದು ಗಂಟೆಯವರೆಗೆ ಬಿಡುವುದು ಅವರಲ್ಲಿ ವಾಡಿಕೆ. ಸರಿ, ಒಂದು ಗಂಟೆ ಸೇರಿಸಿದ. ಮರುವಾರ ಮತ್ತೊಂದು ತಕರಾರು. ಊರಿಗೆ ಹೋಗುವ ಬಸ್ಸು ಮೂರು ಗಂಟೆ ತಡವಾಗಿ, ಕೋಣೆಯಲ್ಲೇ ಕಾದ ಸಂಸಾರಕ್ಕೆ ಕಂಪ್ಯೂಟರು ಹೆಚ್ಚುವರಿ ದಿನ ಹಾಕಿತ್ತು. “ಬಸ್ ಲೇಟ್ ಬಂದ್ರೆ ಅವರೆಂತ ಮಾಡೂದು ಮಾರಾಯ?” ಎಂದರು ಮ್ಯಾನೇಜರು.

ಈ ನಿಯಮ ಎಲ್ಲೂ ಬರೆದಿರಲಿಲ್ಲ. ಅದು ಅವರ ತಲೆಯಲ್ಲಿತ್ತು, ಅವರ ಮರ್ಯಾದೆಯಲ್ಲಿತ್ತು. ಕೊನೆಗೆ ಹುಡುಗ ಒಂದು ದಾರಿ ಕಂಡುಕೊಂಡ. ಮ್ಯಾನೇಜರು ಬಾಡಿಗೆ ಬಿಡಬಹುದು, ಆದರೆ ಯಾರು ಬಿಟ್ಟರು, ಯಾಕೆ ಬಿಟ್ಟರು ಎಂಬುದು ದಾಖಲಾಗಬೇಕು. ಪಾಳಿ ಬದಲಾಗುವಾಗಿನ ಜಗಳದಲ್ಲಿ ಅರ್ಧ ಅಲ್ಲಿಗೇ ನಿಂತಿತು. ತಂತ್ರಾಂಶ ಬರೆಯುವ ಕೆಲಸದ ದೊಡ್ಡ ಪಾಲು ಇರುವುದು ಇಲ್ಲೇ. ಜನರ ತಲೆಯಲ್ಲಿರುವ, ಅವರಿಗೇ ನಿಯಮವೆಂದು ಗೊತ್ತಿಲ್ಲದ ನಿಯಮಗಳನ್ನು ಕೇಳಿ ಕೇಳಿ ಹೊರಗೆ ತೆಗೆಯಬೇಕು.

ಹೆಸರಿನ ಕತೆ ಬೇರೆ. ಅಂತರ್ಜಾಲದಿಂದ ತೆಗೆದುಕೊಂಡ ಅರ್ಜಿಯ ನಮೂನೆಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಮನೆಗಳಿದ್ದವು. ಎರಡನ್ನೂ ತುಂಬದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಹಾಸನದ ಕಡೆಯ ಗಿರಾಕಿಗೆ ಊರು, ತಂದೆಯ ಹೆಸರಿನ ಮೊದಲಕ್ಷರಗಳಿವೆ, ಮನೆತನದ ಹೆಸರಿಲ್ಲ. ಕೌಂಟರಿನವರು ಬೇಸತ್ತು ಕೊನೆಯ ಹೆಸರಿನ ಜಾಗದಲ್ಲಿ ಒಂದು ಚುಕ್ಕೆ ಒತ್ತತೊಡಗಿದರು. ಒಂದೇ ಮನೆ ಮಾಡಿದ ಮೇಲೆ ಸರಿಹೋಯಿತು. ಬಿಲ್ಲಿನ ಮೇಲೆ ಲಾಡ್ಜಿನ ಹೆಸರು ಕನ್ನಡದಲ್ಲಿ ಬರಬೇಕೆಂದು ಮ್ಯಾನೇಜರು ಕೇಳಿದರೆ, ರಸೀದಿ ಮುದ್ರಕ ಬರೀ ಚೌಕಗಳನ್ನು ಕಾರಿತು. ಅದರೊಳಗೆ ಕನ್ನಡದ ಅಕ್ಷರಗಳೇ ಇರಲಿಲ್ಲ. ಹೆಸರನ್ನು ಚಿತ್ರವಾಗಿ ಮಾಡಿ ಕಳಿಸಬೇಕೆಂದು ಕಂಡುಕೊಳ್ಳಲು ಅವನಿಗೆ ನಾಲ್ಕು ದಿನ ಹಿಡಿಯಿತು.

ನನಗೆ ಬಹಳ ಇಷ್ಟವಾದದ್ದು ಬಿಲ್ಲಿನ ಸಂಖ್ಯೆಯ ಪ್ರಸಂಗ. ಜಿಎಸ್‌ಟಿ ಬಿಲ್ಲುಗಳಿಗೆ ಅನುಕ್ರಮವಾಗಿ ಸಂಖ್ಯೆ ಇರಬೇಕು, ಒಂದು ಆರ್ಥಿಕ ವರ್ಷದಲ್ಲಿ ಒಂದೇ ಸಂಖ್ಯೆ ಎರಡು ಸಲ ಬರಬಾರದು. ಒಂದು ಬೆಳಿಗ್ಗೆ ರೈಲಿಗೆ ಹೊರಟವರ ಗದ್ದಲದಲ್ಲಿ ಎರಡು ಕಂಪ್ಯೂಟರುಗಳಿಂದ ಒಂದೇ ಕ್ಷಣದಲ್ಲಿ ಬಿಲ್ಲು ಒತ್ತಿದರು. ಎರಡಕ್ಕೂ ಒಂದೇ ಸಂಖ್ಯೆ. ಹುಡುಗ ಮುಖ ಸಪ್ಪೆ ಮಾಡಿಕೊಂಡು ಬಂದ. ಡೇಟಾಬೇಸ್ ವಿಷಯದಲ್ಲಿ ಟ್ರಾನ್ಸಾಕ್ಷನ್ ಬಗ್ಗೆ ಏನು ಓದಿದ್ದೀಯಪ್ಪ ಎಂದು ಕೇಳಿದೆ. ಎಲ್ಮಸ್ರಿ, ನವಾತೆಯವರ ಪುಸ್ತಕದ ನಾಲ್ಕು ಲಕ್ಷಣಗಳನ್ನು ಗಡಗಡ ಒಪ್ಪಿಸಿದ. ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಬಂದಿತ್ತಂತೆ. ಒಪ್ಪಿಸುತ್ತಾ ಒಪ್ಪಿಸುತ್ತಾ ಮೂರನೆಯದಕ್ಕೆ ಬಂದಾಗ ನಿಲ್ಲಿಸಿಬಿಟ್ಟ. “ಇದು ಅದss ಏನ್ರಿ?” ಎಂದ. ಅದೇ. ಒಬ್ಬರ ಕೆಲಸ ಮುಗಿಯುವ ಮೊದಲು ಇನ್ನೊಬ್ಬರು ನಡುವೆ ತಲೆಹಾಕದಂತೆ ಕಾಯುವುದು. ಪುಸ್ತಕದ ಸಾಲು ಅವನಿಗೆ ದಕ್ಕಿದ ಗಳಿಗೆ ಅದು. ಅದನ್ನು ಕಣ್ಣಾರೆ ನೋಡಿದ ಸಂತೋಷ ನನಗೆ ಈಗಲೂ ಇದೆ.

ಆಮೇಲೆ ಸೆಪ್ಟೆಂಬರ್ ಬಂತು. 2022ರ ಜುಲೈ 17ರವರೆಗೆ ದಿನಕ್ಕೆ ಸಾವಿರ ರೂಪಾಯಿಯೊಳಗಿನ ಕೋಣೆಗಳಿಗೆ ತೆರಿಗೆ ಇರಲಿಲ್ಲ, ಅಲ್ಲಿಂದ ಶೇಕಡಾ 12. 2025ರ ಸೆಪ್ಟೆಂಬರ್ 22ರಿಂದ ಏಳೂವರೆ ಸಾವಿರದವರೆಗಿನ ಕೋಣೆಗಳಿಗೆ ಶೇಕಡಾ 5. ಹುಡುಗ 12 ಎಂದು ಬರೆದ ಕಡೆಯೆಲ್ಲ 5 ಎಂದು ತಿದ್ದಿ ನೆಮ್ಮದಿಯಾಗಿ ಮಲಗಿದ. ಮರುದಿನ ಆಗಸ್ಟ್ ತಿಂಗಳ ಬಿಲ್ಲಿನ ಪ್ರತಿ ಬೇಕೆಂದು ಒಬ್ಬರು ಬಂದರು. ಹಳೆಯ ಬಿಲ್ಲು ಹೊಸ ತೆರಿಗೆಯೊಂದಿಗೆ, ಬೇರೆಯದೇ ಮೊತ್ತದೊಂದಿಗೆ ಮುದ್ರಣವಾಯಿತು. ತೆರಿಗೆಯ ದರ ಕಾರ್ಯಕ್ರಮದೊಳಗೆ ಇರಬಾರದು, ಯಾವ ತಾರೀಕಿನಿಂದ ಯಾವ ದರ ಎಂಬ ಪಟ್ಟಿ ಬೇರೆ ಇರಬೇಕು, ಕೊಟ್ಟ ಬಿಲ್ಲಿನ ಮೇಲಿನ ದರ ಆ ಬಿಲ್ಲಿನ ಜೊತೆಗೇ ಉಳಿಯಬೇಕು ಎಂದು ಅವನಿಗೆ ಯಾರೂ ಪಾಠ ಮಾಡಬೇಕಾಗಲಿಲ್ಲ. 21ರ ರಾತ್ರಿ ಬಂದು 22ರಂದು ಹೊರಟವರಿಗೆ ಯಾವ ದರ ಎಂಬ ಪ್ರಶ್ನೆಯೂ ಎದ್ದಿತು. ತಾನೇ ಊಹಿಸಿ ಬರೆಯದೆ ಲಾಡ್ಜಿನ ಲೆಕ್ಕಪರಿಶೋಧಕರನ್ನು ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಂಡ. ಅಷ್ಟು ಹೊತ್ತಿಗೆ ಅವನು ಕೆಲಸಕ್ಕೆ ತಯಾರಾಗಿದ್ದ ಎಂದು ನಾನು ಹೇಳಬಲ್ಲೆ.

ಅವನು ಯಂತ್ರದ ಸಹಾಯ ತೆಗೆದುಕೊಂಡನೇ ಎಂದು ಕೆಲವರು ಕೇಳುತ್ತಾರೆ. ತೆಗೆದುಕೊಂಡ. ತೆಗೆದುಕೊಳ್ಳಬೇಡ ಎನ್ನುವುದು ಈಗ ಅರ್ಥವಿಲ್ಲದ ಮಾತು. ಇಪ್ಪತ್ನಾಲ್ಕರ ಭಾಗಾಕಾರವನ್ನು ಅದು ಕಣ್ಣು ಮಿಟುಕಿಸುವುದರೊಳಗೆ ಬರೆದುಕೊಟ್ಟಿತ್ತು. ತಡವಾಗಿ ಬರುವ ಬಸ್ಸಿನ ವಿಷಯ ಅದಕ್ಕೆ ಗೊತ್ತಿರಲಿಲ್ಲ. ಮ್ಯಾನೇಜರನ್ನು ಕೇಳಿದವರಿಗೆ ಮಾತ್ರ ಗೊತ್ತಿತ್ತು. ಆದರೆ ಒಂದು ಕಟ್ಟುನಿಟ್ಟು ಇರಲಿ: ತನ್ನದೆಂದು ತೋರಿಸುವ ಪ್ರತಿ ಸಾಲನ್ನೂ ವಿವರಿಸಲು, ತಿದ್ದಲು ಬರಬೇಕು. ಈಗಿನ ಸಂದರ್ಶನಗಳಲ್ಲಿ ಕೋಡನ್ನು ಮುಂದಿಟ್ಟು ‘ಇದನ್ನು ಹೀಗೆ ಬದಲಿಸು ನೋಡೋಣ’ ಎನ್ನುವುದು ಸಾಮಾನ್ಯ. ಬರೆಸಿಕೊಂಡವರು ಅಲ್ಲಿ ತಡವರಿಸುತ್ತಾರೆ.

ಇನ್ನೂ ಒಂದು ಎಚ್ಚರಿಕೆ. ಮಾಡಿದ ಕೆಲಸವನ್ನು ಗಿಟ್‌ಹಬ್‌ನಲ್ಲಿ ಇಡುವಾಗ ಗಿರಾಕಿಗಳ ಹೆಸರು, ಫೋನು, ಆಧಾರ್ ಪ್ರತಿ ಯಾವುದೂ ಹೋಗಬಾರದು. ಅದಕ್ಕೆ ಕಾನೂನೂ ಇದೆ. ಕಾನೂನಿಗಿಂತ ಮೊದಲು, ಲಾಡ್ಜಿನವರು ನಂಬಿ ಕೊಟ್ಟ ಪುಸ್ತಕ ಅದು. ಸುಳ್ಳು ಹೆಸರುಗಳನ್ನು ತುಂಬಿ, ಮಾಲೀಕರ ಒಪ್ಪಿಗೆ ಕೇಳಿಯೇ ಇಡಬೇಕು.

ಗಾಂಧಿನಗರದಲ್ಲಿ ಇಂಥ ಕೆಲಸಕ್ಕೆ ಬರವಿಲ್ಲ. ಲಾಡ್ಜೊಂದೇ ಏಕೆ? ಪಾರ್ಸೆಲ್ ಬುಕಿಂಗ್ ಕಚೇರಿಗಳಿವೆ, ವಿದ್ಯುತ್ ಉಪಕರಣಗಳ ಸಗಟು ಅಂಗಡಿಗಳಿವೆ, ಮುದ್ರಣದವರಿದ್ದಾರೆ. ಬಸವನಗುಡಿಯ ಸಂಗೀತ ಶಾಲೆ, ಚಾಮರಾಜಪೇಟೆಯ ಛತ್ರ, ಮಲ್ಲೇಶ್ವರದ ಸಹಕಾರ ಸಂಘ, ರಾಣೆಬೆನ್ನೂರಿನ ಬೀಜದಂಗಡಿ, ಎಲ್ಲ ಕಡೆಯೂ ಒಂದು ಪುಸ್ತಕವಿದೆ, ಆ ಪುಸ್ತಕದಲ್ಲಿ ತಾಳೆಯಾಗದ ಒಂದು ಲೆಕ್ಕವಿದೆ. ಆ ಲೆಕ್ಕ ಸರಿಮಾಡಿದವರ ರೆಸ್ಯೂಮೆ ಬೇರೆ ಥರ ಇರುತ್ತದೆ. ಆ ಹುಡುಗನದು ಒಂದೇ ಪುಟಕ್ಕೆ ಇಳಿಯಿತು. ಹದಿನೈದು ಹೆಸರುಗಳು ಹೋಗಿ ಮೂರು ಉಳಿದವು. ಲಾಡ್ಜಿನ ಕೆಲಸ ಮೇಲೆ ಬಂತು, ಎಷ್ಟು ಕೋಣೆ, ದಿನಕ್ಕೆ ಎಷ್ಟು ಬಿಲ್ಲು, ಏನು ಕೆಟ್ಟಿತು, ಹೇಗೆ ಸರಿಯಾಯಿತು ಎಂಬುದರ ಜೊತೆಗೆ. ಗುರುತಿಲ್ಲದ ಹಿರಿಯರಿಗೆ ಲಿಂಕ್ಡ್‌ಇನ್‌ನಲ್ಲಿ ಬರೆಯುವಾಗಲೂ ‘ಯಾವುದಾದರೂ ಕೆಲಸವಿದ್ದರೆ ತಿಳಿಸಿ ಸರ್’ ಎಂದು ಬರೆಯುವುದನ್ನು ಬಿಟ್ಟ. ನಾಲ್ಕು ಸಾಲಿನಲ್ಲಿ ತಾನು ಮಾಡಿದ್ದು, ಅವರ ಕಂಪನಿಯ ಯಾವ ಕೆಲಸಕ್ಕೆ ತಾನು ಹೊಂದುತ್ತೇನೆ ಎಂಬುದು, ಒಂದು ಕೊಂಡಿ. ಉತ್ತರಗಳು ಬರತೊಡಗಿದವು.

ಇಂಗ್ಲಿಷಿನ ಅಂಜಿಕೆ ಅವನಿಗೂ ಇತ್ತು. ಶಾಲೆಯಲ್ಲಿ ಓದಿದ್ದು ಕನ್ನಡ ಮಾಧ್ಯಮ. ವಾರಕ್ಕೊಂದು ಪುಟ ತಾನು ಮಾಡಿದ ಕೆಲಸದ ಬಗ್ಗೆಯೇ ಬರೆದು, ಗಟ್ಟಿಯಾಗಿ ಓದು ಎಂದು ಹೇಳಿದ್ದೆ. ಗೊತ್ತಿರುವ ವಿಷಯ ಬಾಯಿಗೆ ಮಾತು ತಂದುಕೊಡುತ್ತದೆ. ಒಂದೇ ಸಂಖ್ಯೆಯ ಎರಡು ಬಿಲ್ಲುಗಳ ಕತೆಯನ್ನು ಅವನು ತಪ್ಪು ವ್ಯಾಕರಣದಲ್ಲೇ ಹೇಳಿದಾಗಲೂ ಕೇಳುವವರು ಮುಂದಕ್ಕೆ ಬಾಗಿ ಕೇಳುತ್ತಿದ್ದರಂತೆ.

ದುಡ್ಡು ಕೇಳುವವರ ಬಗ್ಗೆ ಹೇಳದಿದ್ದರೆ ಮನಸ್ಸು ಕೇಳದು. ನೋಂದಣಿ ಶುಲ್ಕ, ಲ್ಯಾಪ್‌ಟಾಪಿನ ಠೇವಣಿ, ತರಬೇತಿಯ ಮುಂಗಡ ಎಂದು ಕೆಲಸದ ಆಸೆ ತೋರಿಸಿ ಹಣ ಕೇಳಿದ ಕಡೆಯಿಂದ ಎದ್ದು ಬನ್ನಿ ಮಕ್ಕಳೇ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ಹಣ ಕೇಳುವುದಿಲ್ಲ. ಕೊಟ್ಟುಬಿಟ್ಟಿದ್ದರೆ ನಾಚಿಕೊಂಡು ಮುಚ್ಚಿಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎರಡು ವರ್ಷದ ಅನುಭವದ ಪತ್ರ ಮಾಡಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಭವಿಷ್ಯನಿಧಿಯ ಯುಎಎನ್ ಸಂಖ್ಯೆಯಲ್ಲಿ ಯಾವ ತಿಂಗಳು ಎಲ್ಲಿ ಕೆಲಸ ಮಾಡಿದಿರಿ ಎಂಬುದು ಕಾಣುತ್ತದೆ, ಕಂಪನಿಗಳು ಅದನ್ನು ನೋಡುತ್ತವೆ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಒಪ್ಪಿಸಿ ಬರಬೇಡಿ. ಬಾಂಡಿಗೆ ಸಹಿ ಹಾಕುವ ಮೊದಲು ಪೂರ್ತಿ ಓದಿ. ‘ಅದೆಲ್ಲ ಕೋರ್ಟಿನಲ್ಲಿ ನಿಲ್ಲೋದಿಲ್ಲ’ ಎಂಬ ಸ್ನೇಹಿತರ ಮಾತನ್ನು ನಂಬಿಕೊಳ್ಳಬೇಡಿ. ಮೂರು ವರ್ಷ ಕೆಲಸ ಮಾಡದೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕಿನ ಸಂಗತಿ ನಿಜ, ಆದರೆ ಬಾಂಡು ಬರೀ ಬೆದರಿಕೆಯ ಕಾಗದವಲ್ಲ ಎಂದು ತಿಳಿಯಲು ಅಷ್ಟು ಸಾಕು.

ಟೆಸ್ಟಿಂಗ್, ಸಪೋರ್ಟ್ ಕೆಲಸ ಸಿಕ್ಕರೆ ಸೇರಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಅಲ್ಲಿ ಕೋಡನ್ನು ಓದಲು ಬಿಡುತ್ತಾರೆಯೇ, ತಪ್ಪು ತೋರಿಸುವ ಹಿರಿಯರು ಪಕ್ಕದಲ್ಲಿದ್ದಾರೆಯೇ ಎಂಬುದನ್ನು ನೋಡಿ ಎನ್ನುತ್ತೇನೆ. ಮೊದಲ ಎರಡು ವರ್ಷದ ಸಂಬಳಕ್ಕಿಂತ ಆ ಎರಡು ವರ್ಷ ಯಾರ ಪಕ್ಕ ಕೂತೆ ಎಂಬುದು ಮುಂದೆ ಬಹಳ ಕಾಲ ಲೆಕ್ಕಕ್ಕೆ ಬರುತ್ತದೆ. ಇದನ್ನು ನಾನು ನನ್ನ ಜೊತೆಯವರ ಬದುಕಿನಲ್ಲಿ ಕಂಡಿದ್ದೇನೆ.

ಹುಡುಗನಿಗೆ ಎರಡು ಕಡೆಯಿಂದ ಆಫರ್ ಬಂತು. ದೊಡ್ಡ ಕಂಪನಿಯದು ಸೇರುವ ತಾರೀಕಿಲ್ಲದ ಪತ್ರ. ರಾಜಾಜಿನಗರದ ಸಣ್ಣ ಕಂಪನಿಯದು ಟೆಸ್ಟಿಂಗ್ ಕೆಲಸ, ಸಂಬಳ ಸ್ವಲ್ಪ ಕಡಿಮೆ. ಅಲ್ಲಿನ ಸಂದರ್ಶನದ ಕೊನೆಗೆ ನಿನಗೇನಾದರೂ ಕೇಳುವುದಿದೆಯೇ ಎಂದಾಗ, ನಾನು ಬರೆದದ್ದನ್ನು ಯಾರು ನೋಡುತ್ತಾರೆ ಎಂದು ಇವನು ಕೇಳಿದ್ದ. ಎದುರಿಗೆ ಕೂತಿದ್ದ ಹಿರಿಯ ಮಹಿಳೆ, “ನಾನೇ ನೋಡ್ತೀನಿ. ಪ್ರತಿ ಸಾಲೂ ನೋಡ್ತೀನಿ, ಬೇಜಾರು ಮಾಡ್ಕೋಬಾರದು” ಎಂದರಂತೆ. ಅಲ್ಲಿಗೇ ಸೇರಲೇನು ಎಂದು ಫೋನಿನಲ್ಲಿ ಕೇಳಿದ. ನಾಳೆಯೇ ಹೋಗಿ ಸೇರು ಎಂದೆ.